ಮೀನುಮರಿಗೆ ಬಾಗಿಲು ತೆರೆಯುವ ಕಿಣ್ವ

ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿಯತ್ತ ಹೊರಟರೆ ದಾರಿಯಲ್ಲಿ ಮುಂಡಾಜೆ ಸಿಗುತ್ತದೆ. ಮಳೆಗಾಲ ಹಿಡಿದೊಡನೆ ಇಲ್ಲಿ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಹೊಸ ನೀರು ಬಂದಂತೆ ಮೀನುಗಳು ಹೊಳೆಯಿಂದ ತೋಡು, ಗದ್ದೆಗಳತ್ತ ಏರಿ ಮೊಟ್ಟೆ ಇಡುತ್ತವೆ. ಅತ್ತ ತೋಟಗಳಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವ ಕೆಲಸ ನಡೆಯುತ್ತದೆ. ಇವೆರಡಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಅದು ತಿಳಿಯಬೇಕಾದರೆ ಮೊದಲು ಮೀನಿನ ಮೊಟ್ಟೆಯೊಳಕ್ಕೆ ಇಣುಕಬೇಕು.

ಕೋಳಿಮರಿಗೆ ಕೊಕ್ಕಿನ ತುದಿಯಲ್ಲಿ ಗಟ್ಟಿಯಾದ ಮೊನೆಯೊಂದಿರುತ್ತದೆ. ಅದರಿಂದ ಕುಟ್ಟಿ ಚಿಪ್ಪನ್ನು ಒಡೆಯುತ್ತದೆ. ಮೀನಿನ ಮರಿಗೆ ಅಂಥ ಸಾಧನವಿಲ್ಲ. ಅದರ ಮೊಟ್ಟೆಯ ಪೊರೆ ಸುಲಭವಾಗಿ ಒಡೆಯುವಂಥದ್ದೂ ಅಲ್ಲ. ಗರ್ಭಾಂಕುರವಾದ ಮೇಲೆ ಪೊರೆಯ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹಾಗಿದ್ದರೂ ಗೆಂಡೆ ಜಾತಿಯ ಕಾಟ್ಲ, ರೋಹು ಮೀನಿನ ಮರಿಗಳು ಸುಮಾರು 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ದಿನ ಕಳೆಯುವುದರೊಳಗೆ ಹೊರಬರುತ್ತವೆ. 10 ಡಿಗ್ರಿಯ ತಣ್ಣೀರಿನಲ್ಲಿ ಬೆಳೆಯುವ ಟ್ರೌಟ್ ಮರಿಗೆ ಸುಮಾರು ಒಂದು ತಿಂಗಳು ಬೇಕು.

ಭೌತವಿಜ್ಞಾನ ಓದಿದ ನನ್ನಂಥವರಿಗೆ ಮೊದಲು ಹೊಳೆಯುವುದು ಬಲ ಮತ್ತು ಒತ್ತಡ. ಬಾಲದ ಹೊಡೆತಕ್ಕೋ ಒಳಗಿನ ಒತ್ತಡಕ್ಕೋ ಪೊರೆ ಹರಿದಿರಬೇಕು ಎಂದುಕೊಳ್ಳುತ್ತೇವೆ. ಇದು ಪೂರ್ತಿ ನಿಜವಲ್ಲವೆಂದು ತೋರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1910ರಲ್ಲಿ ಜಪಾನಿನ ಮೊರಿವಾಕಿ ಸಾಲ್ಮನ್ ಮೀನಿನಲ್ಲಿ ಪೊರೆಯನ್ನು ಕರಗಿಸುವ ಕಿಣ್ವವಿದೆಯೆಂದು ವರದಿ ಮಾಡಿದರು. 1912ರಲ್ಲಿ ಫ್ರಾನ್ಸಿನ ವಿಂತ್ರಬೇರ್ ಟ್ರೌಟ್ ಮೀನಿನ ಬಗ್ಗೆ ಇಂಥದೇ ವಿವರಣೆ ನೀಡಿದರು. ಭ್ರೂಣದಲ್ಲಿರುವ ವಿಶೇಷ ಗ್ರಂಥಿಕೋಶಗಳು ಈ ಕಿಣ್ವವನ್ನು ಮೊದಲೇ ತಯಾರಿಸಿ, ಕೂಡಿಟ್ಟು, ಸಮಯ ಬಂದಾಗ ಹೊರಬಿಡುತ್ತವೆ.

ಕಿಣ್ವವಿದೆ ಎಂದು ತಿಳಿದರೆ ಸಾಲದು, ಅದನ್ನು ಬೇರ್ಪಡಿಸಿ ಪರೀಕ್ಷಿಸಬೇಕು. ಅದಕ್ಕೆ ಒದಗಿದ್ದು ಜಪಾನಿನ ಭತ್ತದ ಗದ್ದೆಗಳ ಪುಟ್ಟ ಮೀನು ಮೆಡಾಕ. 1972ರಲ್ಲಿ ಯಾಮಗಾಮಿ ಅದರ ಕಿಣ್ವವನ್ನು ಬೇರ್ಪಡಿಸಿದರು. 1989ರಲ್ಲಿ ಯಾಸುಮಾಸು ಮತ್ತು ಸಂಗಡಿಗರು ಇಲ್ಲಿರುವುದು ಒಂದಲ್ಲ, ಎರಡು ಕಿಣ್ವಗಳೆಂದು ತೋರಿಸಿದರು. ಮೊದಲನೆಯದು ಪೊರೆಯ ಒಳಪದರವನ್ನು ಅಲ್ಲಲ್ಲಿ ಕತ್ತರಿಸಿ ಉಬ್ಬಿಸುತ್ತದೆ. ಹೀಗೆ ಸಡಿಲವಾದ ಪದರವನ್ನು ಎರಡನೆಯದು ಕರಗಿಸುತ್ತದೆ. ಕೊನೆಗೆ ಉಳಿಯುವುದು ತೆಳುವಾದ ಹೊರಪದರ ಮಾತ್ರ. ಮರಿ ಮಿಸುಕಾಡಿದರೆ ಅದು ಹರಿಯುತ್ತದೆ. ಅಂದರೆ ಬಾಲದ ಹೊಡೆತಕ್ಕೂ ಪಾತ್ರವಿದೆ. ಆದರೆ ಅದಕ್ಕೆ ದಾರಿ ಮಾಡಿಕೊಡುವುದು ರಸಾಯನಕ್ರಿಯೆ.

ಈ ಕಿಣ್ವಗಳ ಹೃದಯಭಾಗದಲ್ಲಿ ಸತುವಿನ ಒಂದು ಪರಮಾಣು ಇರುತ್ತದೆ. ನಮ್ಮ ದೇಶದ ಹಳ್ಳತೊರೆಗಳಲ್ಲಿ ವಾಸಿಸುವ ಜೀಬ್ರಾ ಮೀನಿನ ಇಂಥದೇ ಕಿಣ್ವದ ಸ್ಫಟಿಕ ರಚನೆ 2010ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿಯನ್ನು ವರದಿ ಮಾಡಿದರು. ತಾಮ್ರ, ನಿಕ್ಕಲ್ ಮುಂತಾದ ಲೋಹಗಳ ಅಯಾನುಗಳು ಈ ಕಿಣ್ವದ ಕೆಲಸಕ್ಕೆ ಅಡ್ಡಿಯಾಗಿ, ಮರಿ ಮೊಟ್ಟೆಯೊಳಗೇ ಉಳಿಯುವಂತೆ ಮಾಡುತ್ತವೆ. ಕಿಣ್ವಕ್ಕೆ ಅಗತ್ಯವಾದ ಸತುವೇ ನೀರಿನಲ್ಲಿ ಹೆಚ್ಚಾದರೂ ಅಡ್ಡಿ ತಪ್ಪಿದ್ದಲ್ಲ.

ಈಗ ಮತ್ತೆ ತೋಟಕ್ಕೆ ಬನ್ನಿ. ಮೊರಿವಾಕಿ ತಮ್ಮ ಶೋಧವನ್ನು ತಿಳಿಸಿದ ಅದೇ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅದನ್ನು ತಡೆಯಲು ಬಳಕೆಗೆ ಬಂದ ಬೋರ್ಡೋ ದ್ರಾವಣವೇ ನಮ್ಮ ತೋಟಗಳ ಮದ್ದು. 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ. ಮೈಲುತುತ್ತಿನ ತೂಕದ ಕಾಲುಭಾಗ ತಾಮ್ರ. ಆದ್ದರಿಂದ 100 ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ.

ಮದ್ದು ಬಿಡಬೇಡಿ ಎಂದು ಅಡಿಕೆ ಬೆಳೆಗಾರರಿಗೆ ಹೇಳುವಂತಿಲ್ಲ. ಮಳೆಗಾಲದಲ್ಲಿ ಗೊನೆ ಕೊಳೆತುಬಿದ್ದರೆ ವರ್ಷದ ದುಡಿಮೆಯೇ ಹೋದಂತೆ. ಸುಣ್ಣ ಸರಿಯಾಗಿ ಬೆರೆತರೆ ತಾಮ್ರದ ಬಹುಪಾಲು ನೀರಿನಲ್ಲಿ ಕರಗದ ರೂಪ ತಾಳಿ ಗೊನೆಗೆ ಅಂಟಿಕೊಳ್ಳುತ್ತದೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಉಳಿದುಬಿಡುತ್ತದೆ. ಇದನ್ನು ಪರೀಕ್ಷಿಸುವ ಉಪಾಯ ರೈತರಿಗೆ ಗೊತ್ತೇ ಇದೆ. ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅಧ್ಯಾಪಕರು ಪಲ್ಲಟ ಕ್ರಿಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ. ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲದಿರುವುದು, ಡ್ರಮ್ಮನ್ನು ಹರಿಯುವ ನೀರಿನಲ್ಲಿ ತೊಳೆಯದಿರುವುದು ಯಾವ ಖರ್ಚೂ ಇಲ್ಲದ ಎಚ್ಚರಿಕೆಗಳು.

ಹೊಳೆಗೆ ವಿಷ ಬಿದ್ದರೆ ಸತ್ತ ಮೀನುಗಳು ತೇಲುತ್ತವೆ, ಊರಿಗೆಲ್ಲ ಸುದ್ದಿಯಾಗುತ್ತದೆ. ಬಾಗಿಲು ತೆರೆಯಲಾಗದೆ ಮೊಟ್ಟೆಯೊಳಗೇ ಸತ್ತ ಮರಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ವರ್ಷಗಳಾದ ಮೇಲೆ, ಮೊದಲಿನಷ್ಟು ಮೀನು ಈಗ ಹತ್ತುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ, ಅಷ್ಟೇ. ಬರುವ ಮಳೆಗಾಲದಲ್ಲಿ ತೋಡಿನ ಬದಿಯಲ್ಲಿ ನಿಂತಾಗ, ಕಾಣದ ಆ ಮೊಟ್ಟೆಗಳನ್ನೂ ನೀವು ನೆನೆಯಬೇಕು.