ಮೆದುಳಿನೊಳಗಣ ಯಂತ್ರ

ಮನುಷ್ಯನ ಕಪಾಲದೊಳಗೆ ಒಂದು ಯಂತ್ರವನ್ನಿರಿಸಿ, ಅವನು ಮನಸ್ಸಿನಲ್ಲಿ ಸಂಕಲ್ಪಿಸಿದುದನ್ನು ಕೈಬಾಯಿಗಳ ನೆರವಿಲ್ಲದೆ ಹೊರಗಿನ ಗಣಕಯಂತ್ರಕ್ಕೆ ಮುಟ್ಟಿಸುವ ಪ್ರಯೋಗಗಳು ನಡೆಯುತ್ತಿರುವ ಸಂಗತಿಯು ನಮ್ಮ ವಾಚಕರಿಗೆ ಅವಿದಿತವಾದುದಲ್ಲ. ೨೦೨೪ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಸಂಸ್ಥೆಯವರು ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿದ್ದ ತರುಣನೊಬ್ಬನ ಮೆದುಳಿನಲ್ಲಿ ತಮ್ಮ ಯಂತ್ರವನ್ನು ಮೊದಲ ಬಾರಿಗೆ ಇಟ್ಟ ಮೇಲಂತೂ, ನಮ್ಮ ಹೊಸಪೇಟೆಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂಡುವ ವೃದ್ಧರೂ ಈ ಮಾತನ್ನೆತ್ತತೊಡಗಿದರು. ಕೆಲವರು ಇದನ್ನು ನಿನ್ನೆ ಹುಟ್ಟಿದ ವಿದ್ಯೆಯೆಂದು ಬಗೆದಿದ್ದಾರೆ. ಮತ್ತೆ ಕೆಲವರು ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿದ್ದುದೇ ಎನ್ನುತ್ತಾರೆ. ಎರಡೂ ಸರಿಯಲ್ಲ. ಈ ವಿದ್ಯೆಗೆ ನೂರೈವತ್ತು ವರ್ಷಗಳ ಚರಿತ್ರೆಯುಂಟು. ಅದಕ್ಕಿಂತ ಮುಖ್ಯವಾದುದೇನೆಂದರೆ, ಇನ್ನೊಬ್ಬನ ಮೆದುಳಿಗೆ ಕೈಹಾಕಲು ಅಪ್ಪಣೆ ಕೊಡತಕ್ಕವರು ಯಾರು ಎಂಬ ಪ್ರಶ್ನೆಯು ಕನ್ನಡ ನಾಡಿನಲ್ಲಿಯೇ ಒಂದಕ್ಕಿಂತ ಹೆಚ್ಚು ಸಲ ಎದ್ದುದುಂಟು. ಅದನ್ನು ಸ್ಮರಿಸುವುದು ಈ ಲೇಖನದ ಉದ್ದೇಶ.

ಸಂಸ್ಕೃತವನ್ನೋದಿದವರು ಭೋಜಪ್ರಬಂಧದ ಪ್ರಸಂಗವನ್ನು ಮುಂದಿಡುವುದುಂಟು. ಭೋಜರಾಜನ ತಲೆಶೂಲೆಗೆ ಇಬ್ಬರು ವೈದ್ಯರು ಬಂದು, ಸಂಮೋಹನ ಚೂರ್ಣದಿಂದ ಅವನ ಎಚ್ಚರ ತಪ್ಪಿಸಿ, ಕಪಾಲವನ್ನು ತೆರೆದು, ಒಳಗಿದ್ದ ಮೀನುಗಳನ್ನು ತೆಗೆದು, ಮರಳಿ ಮುಚ್ಚಿದರೆಂಬುದು ಕಥೆ. ಪಾಠಶಾಲೆಯಲ್ಲಿ ನಾವಿದನ್ನು ಓದಿದಾಗ ಮೀನು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿ ಗುರುಗಳಿಂದ ಬೈಸಿಕೊಂಡಿದ್ದೆನು. ಭೋಜನು ೧೧ನೆಯ ಶತಮಾನದವನು. ಕಥೆ ಬರೆದ ಬಲ್ಲಾಳನು ೧೬ನೆಯ ಶತಮಾನದವನು. ಕಥೆಯನ್ನು ಕಥೆಯಾಗಿ ಸವಿಯಬೇಕೇ ಹೊರತು ಶಸ್ತ್ರವೈದ್ಯದ ದಾಖಲೆಯಾಗಿ ಹಿಡಿಯಲಾಗದು.

ನಿಜವಾದ ಚರಿತ್ರೆಯ ಆರಂಭ ಬೇರೆಡೆಯಲ್ಲಿದೆ. ೧೮೭೦ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬ ವೈದ್ಯರಿಬ್ಬರು ನಾಯಿಯ ಮೆದುಳಿನ ಒಂದು ಭಾಗಕ್ಕೆ ಅಲ್ಪ ವಿದ್ಯುತ್ತನ್ನು ಸೋಕಿಸಿದರೆ ಅದರ ಎದುರು ಪಕ್ಕದ ಕಾಲು ಅಲುಗುವುದೆಂದು ಕಂಡರು. ೧೮೭೫ರಲ್ಲಿ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬವನು ಇದರ ವಿಲೋಮವನ್ನು ತೋರಿಸಿದನು: ಮೊಲ ಮತ್ತು ಮಂಗಗಳ ಮೆದುಳು ತಾನಾಗಿಯೇ ವಿದ್ಯುತ್ತನ್ನು ಹೊಮ್ಮಿಸುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ನೆತ್ತಿಯಿಂದ ಈ ತರಂಗಗಳನ್ನು ಬರೆದುಕೊಂಡು, ಐದು ವರ್ಷಗಳ ಅನಂತರ ಪ್ರಕಟಿಸಿದನು. ಮೆದುಳಿಗೆ ಹೇಳುವುದು, ಮೆದುಳಿನಿಂದ ಕೇಳುವುದು ಎಂಬ ಎರಡು ದಾರಿಗಳೂ ಹೀಗೆ ತೆರೆದವು.

ಕೇಳುವುದೆಂದರೇನೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಲೇಸು. ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆಯಲ್ಲಿ, ಚಿಕ್ಕ ಕಿಂಡಿಯಿಂದ ನುಸುಳುವ ಬೆಳಕು ರಾಜಗೋಪುರದ ನೆರಳನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಚೆಲ್ಲುವುದನ್ನು ನಮ್ಮಲ್ಲಿ ನೋಡದವರಿಲ್ಲ. ಅದು ಗೋಪುರದ ಲಕ್ಷಣವನ್ನು ತಿಳಿಸುತ್ತದೆ, ಆದರೆ ಗೋಪುರವಲ್ಲ. ಮೆದುಳಿನಲ್ಲಿ ನೆಟ್ಟ ಸೂಜಿಗೂ ದೊರೆಯುವುದು ಕೆಲವು ನೂರು ನರಕೋಶಗಳ ಮಿಡಿತವೆಂಬ ನೆರಳಷ್ಟೆ. ಅದನ್ನು ತಿರುಗಿಸಿ ಓದಿ ಅರ್ಥವನ್ನು ಊಹಿಸುವುದು ಗಣಕಯಂತ್ರದ ಕೆಲಸ.

ಇನ್ನು ಕನ್ನಡ ನಾಡಿಗೆ ಬರೋಣ. ಪೋರ್ತುಗಲ್ ದೇಶದ ಮೋನಿಜ್ ಎಂಬ ವೈದ್ಯನು ೧೯೩೫ರಲ್ಲಿ ಹುಚ್ಚಿನ ಚಿಕಿತ್ಸೆಗಾಗಿ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಕ್ರಮವನ್ನು ತಂದನು. ಹತ್ತು ವರ್ಷ ಕಳೆಯುವುದರೊಳಗೆ ಅದು ಬೆಂಗಳೂರನ್ನು ಮುಟ್ಟಿತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಬಾಲಕೃಷ್ಣರಾಯರೂ ಭಾರತೀಯ ರೋಗಿಗಳಲ್ಲಿ ತಾವು ನಡೆಸಿದ ಈ ಶಸ್ತ್ರಕ್ರಿಯೆಯ ವರದಿಯನ್ನು ೧೯೪೪ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗೋವಿಂದಸ್ವಾಮಿಯವರು ಸಾಮಾನ್ಯರಲ್ಲ, ಭಾರತೀಯ ತತ್ತ್ವಶಾಸ್ತ್ರದಲ್ಲಿ ಆಸಕ್ತಿಯುಳ್ಳವರು, ಮುಂದೆ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು. ಆ ಕಾಲದಲ್ಲಿ ಬೇರೆ ಔಷಧವಿರಲಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ಮೋನಿಜನಿಗೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕವೇ ಬಂದಿತು. ಆದರೆ ಚಿಕಿತ್ಸೆ ಹೊಂದಿದ ಅನೇಕರು ಉದ್ವೇಗದೊಡನೆ ಉತ್ಸಾಹವನ್ನೂ ಕಳೆದುಕೊಂಡು, ಜೀವವಿದ್ದೂ ಮಂಕಾಗಿ ಉಳಿದರೆಂಬುದು ಜಗತ್ತಿಗೆ ತಡವಾಗಿ ತಿಳಿಯಿತು. ೧೯೫೨ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಬಳಕೆಗೆ ಬಂದ ಬಳಿಕ ಈ ಪದ್ಧತಿಯು ಹಿಂದೆ ಸರಿಯಿತು. ಆ ಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ಬಂಧುಗಳ ಮತ್ತು ವೈದ್ಯರ ತೀರ್ಮಾನವೇ ನಡೆಯುತ್ತಿದ್ದುದು. ರೋಗಿಯನ್ನು ಕೇಳುವ ವಾಡಿಕೆ ಬಹಳ ಕಡಮೆ.

ಅದೇ ಬೆಂಗಳೂರಿನಲ್ಲಿ ಮುಂದೆ ಡಾಕ್ಟರ್ ಆರ್. ಮಾರ್ತಾಂಡ ವರ್ಮರು ಬಂದರು. ಇವರು ಅರಸು ಮನೆತನದವರು. ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಕ್ಕೆ, ಕಪಾಲವನ್ನು ಕೊರೆಯದೆ, ಕೆನ್ನೆಯ ಮಾರ್ಗವಾಗಿ ಕಪಾಲದ ತಳದ ಸಹಜ ರಂಧ್ರದ ಮೂಲಕ ಸೂಜಿಯನ್ನು ಕಳುಹಿಸಿ ಮೆದುಳಿನಾಳದ ಒಂದು ಬಿಂದುವನ್ನು ನಿಷ್ಕ್ರಿಯಗೊಳಿಸುವ ಕ್ರಮವನ್ನು ಇವರು ರೂಢಿಸಿದರು. ಅದು ‘ವರ್ಮ ವಿಧಾನ’ವೆಂದೇ ಪ್ರಸಿದ್ಧವಾಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ೧೯೮೭ರಲ್ಲಿ ಫ್ರಾನ್ಸಿನ ಬೆನಾಬಿದ್ ಎಂಬವರು ಆ ಬಿಂದುವನ್ನು ನಾಶಪಡಿಸುವುದಕ್ಕೆ ಬದಲಾಗಿ, ಅಲ್ಲೊಂದು ತಂತಿಯನ್ನಿರಿಸಿ ವಿದ್ಯುತ್ತನ್ನು ಹಾಯಿಸಿದರೂ ನಡುಕ ನಿಲ್ಲುವುದೆಂದು ತೋರಿಸಿದರು. ಮೆದುಳಿನೊಳಗೆ ಯಂತ್ರವು ಕಾಯಮ್ಮಾಗಿ ವಾಸಮಾಡುವ ಪರಿಪಾಟಿ ಇದರಿಂದ ಬಲವಾಯಿತು. ನಿಮ್ಹಾನ್ಸಿನಲ್ಲಿಯೂ ಇಂದು ಈ ಚಿಕಿತ್ಸೆಯುಂಟು.

ಆಡಂಬರದ ಪ್ರಯೋಗಗಳಿಗೂ ಕೊರತೆಯಿರಲಿಲ್ಲ. ೧೯೬೦ರ ದಶಕದ ಪೂರ್ವಾರ್ಧದಲ್ಲಿ ಡೆಲ್ಗಾಡೋ ಎಂಬವನು ಸ್ಪೇನಿನ ಅಖಾಡದಲ್ಲಿ, ತನ್ನ ಮೇಲೆ ನುಗ್ಗಿ ಬರುತ್ತಿದ್ದ ಗೂಳಿಯನ್ನು ಅದರ ತಲೆಯೊಳಗಿನ ತಂತಿಗೆ ರೇಡಿಯೋ ಸಂಕೇತ ಕಳುಹಿಸಿ ನಿಲ್ಲಿಸಿದನು. ಗೂಳಿಯ ಕೋಪ ಅಡಗಿತೆಂದು ಅವನೆಂದನು. ಅದರ ಕತ್ತು ಒಂದು ಪಕ್ಕಕ್ಕೆ ತಿರುಗಿತಷ್ಟೆ ಎಂದು ಇತರರು. ನನಗೆ ಎರಡನೆಯವರ ಮಾತೇ ಸರಿಯೆಂದು ತೋರುತ್ತದೆ.

ಗಂಭೀರವಾದ ಕೆಲಸವು ಸದ್ದಿಲ್ಲದೆ ಸಾಗಿತ್ತು. ೧೯೬೯ರಲ್ಲಿ ಫೆಟ್ಸ್ ಎಂಬವರು ಮಂಗವೊಂದು ತನ್ನ ಮೆದುಳಿನ ಒಂದೇ ನರಕೋಶದ ಮಿಡಿತವನ್ನು ಬೇಕೆಂದಂತೆ ಹೆಚ್ಚಿಸಲು ಕಲಿಯಬಲ್ಲದೆಂದು ತೋರಿಸಿದರು. ೧೯೭೩ರಲ್ಲಿ ಜಾಕ್ ವಿಡಾಲ್ ಈ ಶಾಸ್ತ್ರಕ್ಕೆ ಹೆಸರಿಟ್ಟರು. ೨೦೦೪ರಲ್ಲಿ ಅಮೆರಿಕದಲ್ಲಿ, ಸರ್ವಾಂಗ ಸ್ತಬ್ಧನಾದ ಯುವಕನೊಬ್ಬನ ಮೆದುಳಿನಲ್ಲಿ ೪ ಮಿಲಿಮೀಟರು ಚೌಕದ ಫಲಕವನ್ನು ನೆಟ್ಟರು. ಅದರ ಸೂಕ್ಷ್ಮ ಸೂಜಿಗಳಿಂದ ಬಂದ ಸಂಕೇತದ ಬಲದಿಂದ ಅವನು ಗಣಕಯಂತ್ರದ ತೆರೆಯ ಮೇಲಿನ ಗುರುತನ್ನು ಚಲಿಸಿದನು. ೨೦೨೧ರಲ್ಲಿ ಸ್ಟಾನ್‌ಫರ್ಡಿನ ಜೇಮಿ ಹೆಂಡರ್ಸನ್, ಕೃಷ್ಣ ಶೆಣೈ ಮೊದಲಾದವರು, ಅಕ್ಷರ ಬರೆಯುವಂತೆ ಮನಸ್ಸಿನಲ್ಲಿ ಭಾವಿಸಿದವನ ಬರಹವನ್ನು ನಿಮಿಷಕ್ಕೆ ೯೦ ಅಕ್ಷರಗಳ ವೇಗದಲ್ಲಿ ಓದಿದರು. (ಶೆಣೈ ಎಂಬ ಹೆಸರು ನಮ್ಮ ಕರಾವಳಿಯ ಊರೂರಿನಲ್ಲಿ ಕೇಳತಕ್ಕುದು. ಇವರು ೨೦೨೩ರ ಜನವರಿಯಲ್ಲಿ ಅಕಾಲದಲ್ಲಿ ತೀರಿಕೊಂಡರು.) ೨೦೨೩ರಲ್ಲಿ ಅದೇ ತಂಡವು, ಮಾತು ನಿಂತುಹೋಗಿದ್ದ ಮಹಿಳೆಯೊಬ್ಬರು ಆಡಲೆತ್ನಿಸಿದ ಮಾತನ್ನು ನಿಮಿಷಕ್ಕೆ ೬೨ ಪದಗಳಂತೆ ಲಿಪಿಗಿಳಿಸಿತು.

ವಿವಾದಗಳು ಇಲ್ಲಿಂದ ದಟ್ಟವಾಗುತ್ತವೆ. ನ್ಯೂರಾಲಿಂಕಿನವರು ಪ್ರಾಣಿಗಳನ್ನು ನಡೆಸಿಕೊಂಡ ಬಗೆಗೆ ಅಮೆರಿಕದಲ್ಲಿ ದೂರುಗಳೆದ್ದವು. ಅವರ ಮೊದಲ ರೋಗಿಯ ಮೆದುಳಿನಿಂದ ಹಲವು ಎಳೆಗಳು ಕೆಲವೇ ವಾರಗಳಲ್ಲಿ ಜಾರಿ ಹೊರಬಂದವು. ಇದಕ್ಕಿಂತ ಶೋಚನೀಯವಾದುದು ಸೆಕೆಂಡ್ ಸೈಟ್ ಎಂಬ ಕಂಪನಿಯ ವೃತ್ತಾಂತ. ಅದು ಅಂಧರ ಕಣ್ಣಿನ ಹಿಂಪೊರೆಯ ಮೇಲಿಡುವ ಯಂತ್ರವನ್ನು ಮಾಡಿ, ಲೋಕದ ಹಲವು ಕಡೆ ೩೫೦ಕ್ಕೂ ಮಿಕ್ಕ ಜನರಿಗೆ ಅಳವಡಿಸಿತ್ತು. ೨೦೧೯ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿ, ಮರುವರ್ಷ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತು. ಕಣ್ಣಿನೊಳಗಿನ ಯಂತ್ರ ಕೆಟ್ಟರೆ ರಿಪೇರಿಗೆ ಯಾರಲ್ಲಿಗೆ ಹೋಗುವುದು? ಕೆರೆ ಕಟ್ಟಿಸಿದವನು ಅದರ ಹೂಳೆತ್ತುವುದಕ್ಕೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದನೆಂಬುದನ್ನು ನಮ್ಮ ಶಾಸನಗಳು ಸಾರುತ್ತವೆ. ಕಂಪನಿಗಳಿಗೆ ಅಂತಹ ಕಟ್ಟಳೆಯಿಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಮನಸ್ಸಿನ ಗೋಪ್ಯತೆಯ ಪ್ರಶ್ನೆ. ಇದರಲ್ಲಿ ನಮ್ಮ ರಾಜ್ಯದ ಹೆಸರು ನ್ಯಾಯಶಾಸ್ತ್ರದಲ್ಲಿ ಶಾಶ್ವತವಾಗಿ ಸೇರಿಹೋಗಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಆರೋಪಿಗಳಿಗೆ ಮದ್ದು ಚುಚ್ಚಿ ಮಾತನಾಡಿಸುವ ಪರೀಕ್ಷೆಗೆ ಬೆಂಗಳೂರು ದೇಶದಲ್ಲೆಲ್ಲ ಹೆಸರಾಗಿತ್ತು. ನೆತ್ತಿಗೆ ತಂತಿಗಳನ್ನು ಅಂಟಿಸಿ ಮೆದುಳಿನ ತರಂಗಗಳಿಂದ ಅಪರಾಧದ ನೆನಪನ್ನು ಹುಡುಕುವ ಒಂದು ಕ್ರಮವನ್ನು, ಹಿಂದೆ ನಿಮ್ಹಾನ್ಸಿನಲ್ಲಿದ್ದ ಸಿ. ಆರ್. ಮುಕುಂದನ್ ಎಂಬ ಮನಶ್ಶಾಸ್ತ್ರಜ್ಞರು ರಚಿಸಿದ್ದರು. ೨೦೦೮ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಅದನ್ನು ಮನ್ನಿಸಿತು. ಅದೇ ವರ್ಷ ನಿಮ್ಹಾನ್ಸಿನ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿಯು ಆ ಕ್ರಮವು ಶಾಸ್ತ್ರಸಮ್ಮತವಲ್ಲವೆಂದಿತು. ಕೊನೆಗೆ ೨೦೧೦ನೆಯ ಇಸವಿ ಮೇ ೫ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಇಂತಹ ಯಾವ ಪರೀಕ್ಷೆಯನ್ನೂ ಯಾರ ಮೇಲೂ ನಡೆಸಕೂಡದೆಂದು ತೀರ್ಪಿತ್ತಿತು. ಚಿಲಿ ದೇಶವು ಮೆದುಳಿನ ರಕ್ಷಣೆಯನ್ನು ತನ್ನ ಸಂವಿಧಾನಕ್ಕೆ ಸೇರಿಸಿದುದು ೨೦೨೧ರಲ್ಲಿ. ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ನಮ್ಮಲ್ಲಿ ಈ ಮಾತು ಇತ್ಯರ್ಥವಾಗಿತ್ತು. ೨೦೧೭ರ ನಮ್ಮ ಮಾನಸಿಕ ಆರೋಗ್ಯ ಪಾಲನಾ ಕಾನೂನು, ಮಾನಸಿಕ ರೋಗಕ್ಕಾಗಿ ಮೆದುಳಿಗೆ ಶಸ್ತ್ರಕ್ರಿಯೆ ನಡೆಸಬೇಕಾದರೆ ರೋಗಿಯು ತಿಳಿದು ಕೊಟ್ಟ ಒಪ್ಪಿಗೆಯೂ ಮಂಡಲಿಯ ಅನುಮತಿಯೂ ಬೇಕೆಂದು ವಿಧಿಸಿದೆ. ೧೯೪೪ರ ಬೆಂಗಳೂರಿನ ವರದಿಯಿಂದ ಇಲ್ಲಿಗೆ ೭೩ ವರ್ಷ.

ಒಪ್ಪಿಗೆಯೆಂಬುದು ಕಾನೂನಿನ ಪುಟದಲ್ಲಿ ಸರಳವಾದ ಶಬ್ದ. ಮೆದುಳಿನೊಳಗಣ ಯಂತ್ರವು ಮೊದಲು ಬೇಕಾಗಿರುವುದು ಬಾಯಿಲ್ಲದವರಿಗೆ. ಅವರ ಒಪ್ಪಿಗೆಯನ್ನು ಕೇಳಿ ಪಡೆಯುವುದು ಹೇಗೆ? ಯಂತ್ರವೇ ಅವರ ಬಾಯಾದ ಮೇಲೆ ಅದು ಆಡಿದುದೆಲ್ಲವೂ ಅವರ ಮಾತೇ? ೨೦೨೩ರ ಆ ಯಂತ್ರವು ಇಂಗ್ಲಿಷಿನ ೩೯ ಧ್ವನಿಗಳನ್ನು ಗುರುತಿಸಿ, ಮಿಕ್ಕುದನ್ನು ಭಾಷೆಯ ರೂಢಿಯಿಂದ ಊಹಿಸಿ ವಾಕ್ಯವನ್ನು ಕಟ್ಟುತ್ತಿತ್ತು. ಹೆಚ್ಚುಕಡಮೆ ನಾಲ್ಕು ಪದಗಳಿಗೊಂದು ತಪ್ಪುತ್ತಿತ್ತು. ಮರುವರ್ಷ ಕ್ಯಾಲಿಫೋರ್ನಿಯಾದ ಬೇರೊಂದು ತಂಡದ ಯಂತ್ರದಲ್ಲಿ ನೂರಕ್ಕೆ ೯೭ ಪದಗಳು ಸರಿಬಂದವು. ಉಳಿದ ಮೂರರಲ್ಲಿ ‘ಬೇಕು’ ‘ಬೇಡ’ಗಳಿದ್ದರೆ?

ಇದನ್ನು ನಾನು ಕೇವಲ ತರ್ಕಕ್ಕಾಗಿ ಕೇಳುತ್ತಿಲ್ಲ. ನನ್ನೊಡನೆ ಇಪ್ಪತ್ತು ವರ್ಷ ಪಾಠ ಹೇಳಿದ ಪಂಡಿತರೊಬ್ಬರಿಗೆ ನರಗಳು ಕ್ಷೀಣಿಸುವ ರೋಗ ಬಂದು, ಕೊನೆಗೆ ರೆಪ್ಪೆಯ ಹೊರತು ಮತ್ತೇನೂ ಅವರ ವಶದಲ್ಲಿ ಉಳಿಯಲಿಲ್ಲ. ನಾನೊಂದು ರಟ್ಟಿನ ಮೇಲೆ ನಮ್ಮ ವರ್ಣಮಾಲೆಯನ್ನು ವರ್ಗವರ್ಗವಾಗಿ ಬರೆದುಕೊಂಡು ಹೋದೆನು. ಮೊದಲು ಸಾಲನ್ನು ತೋರಿಸುವುದು, ಬಳಿಕ ಆ ಸಾಲಿನ ಅಕ್ಷರವನ್ನು. ಬೇಕಾದಲ್ಲಿ ಅವರು ರೆಪ್ಪೆ ಮುಚ್ಚುವರು. ನಮ್ಮ ಪ್ರಾಚೀನ ವೈಯಾಕರಣರ ವರ್ಗೀಕರಣವು ಇಂತಹದೊಂದು ಉಪಯೋಗಕ್ಕೆ ಬಂದೀತೆಂದು ನಾವಿಬ್ಬರೂ ಎಣಿಸಿರಲಿಲ್ಲ. ಆಯಾಸವಾಗದಿರಲೆಂದು ಕಾಗುಣಿತವನ್ನು ಬಿಟ್ಟು ವ್ಯಂಜನಗಳನ್ನಷ್ಟೆ ಕೇಳುತ್ತಿದ್ದೆವು; ಸ್ವರವನ್ನು ನಾವೇ ಊಹಿಸಿಕೊಳ್ಳಬೇಕು. ಉಸಿರಾಟಕ್ಕೆ ಕಷ್ಟವಾಗತೊಡಗಿದಾಗ, ಗಂಟಲಿಗೆ ಕೊಳವೆಯನ್ನಿಡಬಹುದೆಂದು ವೈದ್ಯರು ಹೇಳಿದರು. ಅವರ ಪತ್ನಿಯ ಎದುರಿನಲ್ಲಿ ನಾನೇ ಕೇಳಿದೆನು. ಅವರು ಎರಡು ಅಕ್ಷರಗಳಿಗೆ ರೆಪ್ಪೆ ಮುಚ್ಚಿದರು: ಸ, ಕ. ‘ಸಾಕು’ ಎಂದು ಎಲ್ಲರೂ ಓದಿದೆವು. ಚಿಕಿತ್ಸೆ ಸಾಕೆಂದು ಮಗನು ತಿಳಿದನು. ರಟ್ಟನ್ನು ನೋಡಿ ನೋಡಿ ದಣಿದಿದ್ದಾರೆ, ಇವತ್ತಿಗೆ ಕೇಳಿದ್ದು ಸಾಕೆನ್ನುತ್ತಿದ್ದಾರೆ ಎಂದು ಆ ತಾಯಿ ಅಂದರು. ಮರುದಿನ ಬೆಳಿಗ್ಗೆ ಅವರು ತಾವಾಗಿಯೇ ರಟ್ಟಿನ ಕಡೆ ನೋಡಿ, ಅಕ್ಷರಕ್ಕೆ ಅಕ್ಷರ ಸೇರಿಸಿ ಕೇಳಿದುದು ಮೊಮ್ಮಗಳ ಪರೀಕ್ಷೆಯ ಫಲಿತಾಂಶವನ್ನು. ಕೊಳವೆಯ ಮಾತನ್ನು ಮತ್ತೆ ಎತ್ತುವ ಧೈರ್ಯವು ನಮ್ಮಲ್ಲಿ ಯಾರಿಗೂ ಬರಲಿಲ್ಲ.