ಹೆಸರು ಹೋಲಿತು, ಐದು ತಿಂಗಳು ಹೋಯ್ತು

ಒಂದು ಗುರುತಿನ ಚೀಟಿಯಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಅದನ್ನ ಸರಿ ಮಾಡಿಸೋಕೆ ಮೂರು ಸಲ ಕಚೇರಿ ಅಲೆದೆ, ಸಿಟ್ಟೂ ಬಂತು. ಇವತ್ತಿನ ಕಥೆ ಓದಿದ ಮೇಲೆ ಆ ಸಿಟ್ಟು ತೀರಾ ಸಣ್ಣದು ಅನ್ನಿಸಿತು.

2003ರ ಡಿಸೆಂಬರ್ 31. ಖಾಲಿದ್ ಎಲ್-ಮಸ್ರಿ ಅನ್ನೋ ಜರ್ಮನ್ ಪ್ರಜೆ ಬಸ್ಸಿನಲ್ಲಿ ಮ್ಯಾಸಿಡೋನಿಯಾಕ್ಕೆ ಹೊರಟಿದ್ದರು. ಗಡಿಯಲ್ಲಿ ಪೊಲೀಸರು ಕೆಳಗಿಳಿಸಿದರು. ಅವರ ಹೆಸರು ಅಲ್ ಖೈದಾದ ಒಬ್ಬ ಶಂಕಿತನ ಹೆಸರನ್ನ ಹೋಲುತ್ತಿತ್ತು. ರಾಜಧಾನಿ ಸ್ಕೋಪಿಯೆಯ ಹೋಟೆಲ್ ಕೋಣೆಯೊಂದರಲ್ಲಿ 23 ದಿನ ಕೂಡಿಹಾಕಿದರು. ವಕೀಲರಿಲ್ಲ, ಕೋರ್ಟಿಲ್ಲ. ಆಮೇಲೆ ವಿಮಾನ ನಿಲ್ದಾಣದಲ್ಲಿ ಸಿಐಎ ಕೈಗೆ ಒಪ್ಪಿಸಿದರು. ಅಲ್ಲಿ ಹೊಡೆದು, ಬಟ್ಟೆ ಕತ್ತರಿಸಿ ತೆಗೆದು, ಮುಖಕ್ಕೆ ಮುಸುಕು ಹಾಕಿ, ಅಫ್ಘಾನಿಸ್ತಾನದ ರಹಸ್ಯ ಜೈಲಿಗೆ ಹಾರಿಸಿಕೊಂಡು ಹೋದರು. ಹಿಡಿದದ್ದು ತಪ್ಪು ಮನುಷ್ಯನನ್ನ ಅಂತ ಗೊತ್ತಾದ ಮೇಲೂ ತಕ್ಷಣ ಬಿಡಲಿಲ್ಲ. 2004ರ ಮೇ ಕೊನೆಯಲ್ಲಿ ಅಲ್ಬೇನಿಯಾದ ಗುಡ್ಡಗಾಡಿನ ರಸ್ತೆಯಲ್ಲಿ ಇಳಿಸಿ ಹೋದರು.

ಊರಿಗೆ ಬಂದು ಹೇಳಿದರೆ ನಂಬೋರು ಯಾರು? ಸಾಕ್ಷಿ ಹೇಳಿದ್ದು ಅವರ ತಲೆಗೂದಲು. ಜರ್ಮನಿಯಲ್ಲಿ ಅದನ್ನ ಪರೀಕ್ಷೆ ಮಾಡಿದಾಗ, ಈ ಮನುಷ್ಯ ದಕ್ಷಿಣ ಏಷ್ಯಾದಲ್ಲಿದ್ದರು, ಬಹಳ ದಿನ ಸರಿಯಾಗಿ ಊಟ ಸಿಕ್ಕಿರಲಿಲ್ಲ ಅನ್ನೋದಕ್ಕೆ ಹೊಂದುವ ಗುರುತು ಸಿಕ್ಕಿತು. ವಿಮಾನದ ಹಾರಾಟದ ದಾಖಲೆಗಳೂ ಅವರ ಮಾತಿಗೆ ತಾಳೆಯಾದವು.

ಅವರು ಅಮೆರಿಕದ ಕೋರ್ಟಿಗೆ ಹೋದರು. ಕೇಸು ನಡೆದರೆ ದೇಶದ ರಹಸ್ಯ ಹೊರಬೀಳುತ್ತೆ ಅಂತ ಸರ್ಕಾರ ವಾದಿಸಿತು. ಹಿಂಸೆ ನಡೀತೋ ಇಲ್ಲವೋ ಅಂತ ವಿಚಾರಣೆಯನ್ನೇ ಮಾಡದೆ 2006ರಲ್ಲಿ ಕೇಸು ವಜಾ ಆಯ್ತು. ಮರುವರ್ಷ ಸುಪ್ರೀಂ ಕೋರ್ಟ್ ಕೂಡ ಕೈಗೆತ್ತಿಕೊಳ್ಳಲಿಲ್ಲ. ಅದೇ 2007ರಲ್ಲಿ ಮ್ಯೂನಿಕ್‌ನಲ್ಲಿ 13 ಜನರ ಮೇಲೆ ಬಂಧನದ ವಾರಂಟ್ ಹೊರಟಿತು. ಆದರೆ ಅವರನ್ನ ಒಪ್ಪಿಸಿ ಅಂತ ಅಮೆರಿಕವನ್ನ ಕೇಳೋಕೆ ಜರ್ಮನ್ ಸರ್ಕಾರ ಮುಂದಾಗಲಿಲ್ಲ.

ಕೊನೆಗೆ ಬಾಗಿಲು ತೆರೆದದ್ದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ. 2012ರ ಡಿಸೆಂಬರ್ 13ರಂದು 17 ನ್ಯಾಯಾಧೀಶರು ಒಮ್ಮತದಿಂದ ಹೇಳಿದರು: ಸ್ಕೋಪಿಯೆ ವಿಮಾನ ನಿಲ್ದಾಣದಲ್ಲಿ ನಡೆದದ್ದು ಚಿತ್ರಹಿಂಸೆಯೇ, ಅದಕ್ಕೆ ಮ್ಯಾಸಿಡೋನಿಯಾ ಹೊಣೆ. ಪರಿಹಾರ 60,000 ಯೂರೋ. ಗಮನಿಸಿ, ಹೊಡೆದವರು ಬೇರೆ ದೇಶದವರು. ಆದರೂ ಹಿಡಿದುಕೊಟ್ಟ ಸರ್ಕಾರ "ನಮಗೇನೂ ಸಂಬಂಧ ಇಲ್ಲ" ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ ಅಂತಾಯ್ತು.

2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಲೆಕ್ಕ ಕೊಟ್ಟಿತು: ಸಿಐಎ ಹಿಡಿದಿಟ್ಟಿದ್ದ ಕನಿಷ್ಠ 119 ಜನರಲ್ಲಿ ಕನಿಷ್ಠ 26 ಜನರನ್ನ ಹಿಡಿದದ್ದೇ ತಪ್ಪು. ಆದರೂ ಎಲ್-ಮಸ್ರಿ ಕೇಸಿನಲ್ಲಿ ಸಿಐಎಯ ಒಬ್ಬರೂ ಕಟಕಟೆ ಹತ್ತಲಿಲ್ಲ.

2018ರಲ್ಲಿ ಮ್ಯಾಸಿಡೋನಿಯಾ ಲಿಖಿತವಾಗಿ ಕ್ಷಮೆ ಕೇಳಿತು. ಹದಿನಾಲ್ಕು ವರ್ಷ ತಡವಾಗಿ, ಈ ಕಥೆಯ ಅತಿ ಸಣ್ಣ ದೇಶದಿಂದ. ದೊಡ್ಡವರ ಪತ್ರ ಇನ್ನೂ ಬರಬೇಕು.