ಸೋಲಿಗರ ತರಗು ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆಲ್ಲ ಬೇಸಿಗೆ ಬಲಿಯುವ ಮುನ್ನವೇ ಕಾಡಿಗೆ ತರಗು ಬೆಂಕಿ ಇಡುತ್ತಿದ್ದರು. ಕಿರುಜ್ವಾಲೆ ಒಣಹುಲ್ಲು, ತರಗೆಲೆಗಳನ್ನು ಸುಡುತ್ತ ಮುಂದೆ ಸಾಗುತ್ತಿತ್ತು. ದೊಡ್ಡ ಮರಗಳು ಉಳಿಯುತ್ತಿದ್ದವು. ಬೇರಿನ, ಮಣ್ಣಿನ ಇಂಗಾಲಕ್ಕೆ ಹೆಚ್ಚು ಧಕ್ಕೆಯಿರಲಿಲ್ಲ. ನೆಲ್ಲಿ ಮರದ ಬಂದಳಿಕೆಯೂ ಇದರಿಂದ ಹತೋಟಿಯಲ್ಲಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು.

1974ರಲ್ಲಿ ಕಾಡು ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು.

ಲಂಟಾನ ಹಬ್ಬಿತು. 1997ರಲ್ಲಿ ಸಮೀಕ್ಷೆಯ ಶೇ 41ರಷ್ಟು ತಾಕುಗಳಲ್ಲಿದ್ದ ಈ ಪೊದೆ 2008ಕ್ಕೆ ಶೇ 81ರಲ್ಲಿ ಕಂಡಿತು. ಅದಕ್ಕೆ ಬೆಂಕಿ ಬಿದ್ದರೆ ಜ್ವಾಲೆ ಕೊಂಬೆಗೇರುತ್ತದೆ. ಮರ ದಶಕಗಳಿಂದ ಕೂಡಿಟ್ಟ ಇಂಗಾಲ ಹೊಗೆಯಾಗುತ್ತದೆ. ತರಗು ಬೆಂಕಿಯ ಬಗ್ಗೆ ಹಿರಿಯರ ಮಾತನ್ನು ಆಗಲೇ ಕೇಳಬೇಕಿತ್ತು.

ಕಾಡಿನ ಮಾತು ಹೀಗಾದರೆ, ಗಡಿಯಾಚೆಯ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಂಥ ಮಳೆ ಕಡಿಮೆಯ ಹುಲ್ಲುನೆಲದಲ್ಲಿ ಇಂಗಾಲದ ದೊಡ್ಡ ಪಾಲು ಇರುವುದು ಮಣ್ಣಿನೊಳಗೆ. ಅಲ್ಲಿ ಹುಲ್ಲು ಸುಟ್ಟರೆ, ಹೊಸ ಚಿಗುರು ಬಲಿಯುವವರೆಗೆ ದನ ಕುರಿ ಬಿಡಬೇಡಿ. ಮೊದಲ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗದಂತೆ ಬದು ಕಟ್ಟಿ.